ಹುಳುವಿನ ಬೆನ್ನ ಮೇಲಿನ ಬಿಳಿ ಗೂಡುಗಳು: ಪರತಂತ್ರಜೀವಿ ಕಣಜ ಹೊರಬರುವುದನ್ನು ನೋಡುವ ಬಗೆ

ಟೊಮ್ಯಾಟೊ ಗಿಡದ ಕಾಂಡಕ್ಕೆ ದಪ್ಪನೆಯ ಹಸಿರು ಹುಳು ಕಚ್ಚಿಕೊಂಡಿದೆ. ಅದರ ಬೆನ್ನ ತುಂಬ ಅಕ್ಕಿ ಕಾಳಿನಂಥ ಬಿಳಿ ಗೂಡುಗಳು. ಕೈತೋಟ ಮಾಡುವವರಲ್ಲಿ ಬಹಳ ಮಂದಿ ಇವನ್ನು ಹುಳುವಿನ ಮೊಟ್ಟೆಗಳೆಂದು ತಿಳಿದು, ಇನ್ನಷ್ಟು ಹುಳು ಹುಟ್ಟೀತೆಂದು ಹೆದರಿ, ಎರಡನ್ನೂ ಒಟ್ಟಿಗೆ ಹೊಸಕಿ ಹಾಕುತ್ತಾರೆ. ಆದರೆ ಎಲೆ ತಿನ್ನುವ ಹುಳು ಎಂದೂ ಮೊಟ್ಟೆ ಇಡುವುದಿಲ್ಲ. ಅದು ಚಿಟ್ಟೆಯ ಅಥವಾ ಪತಂಗದ ಮರಿ, ಮೊಟ್ಟೆ ಇಡುವುದು ರೆಕ್ಕೆ ಬಂದ ಮೇಲೆ. ಬೆನ್ನ ಮೇಲೆ ಕಾಣುತ್ತಿರುವುದು, ಆ ಹುಳುವಿನ ಒಡಲೊಳಗೇ ಬೆಳೆದು ಚರ್ಮ ಕೊರೆದು ಹೊರಬಂದ ಕಣಜದ ಮರಿಗಳು ನೇಯ್ದುಕೊಂಡ ರೇಷ್ಮೆ ಗೂಡುಗಳು. ಅವನ್ನು ಹೊಸಕಿದರೆ ನಿಮ್ಮ ಗಿಡಗಳನ್ನು ಕಾಯಬೇಕಾದವರನ್ನೇ ಕೊಂದಂತೆ.

ಹಾಗೆಯೇ ಬಿಟ್ಟು ಕೆಲವು ದಿನ ಕಣ್ಣಿಟ್ಟರೆ, ಕೀಟಲೋಕದಲ್ಲಿ ಬರಿಗಣ್ಣಿಗೆ ನಿಲುಕುವ ಅತ್ಯಂತ ಸೋಜಿಗದ ಘಟನೆಗಳಲ್ಲಿ ಒಂದನ್ನು ನೋಡಬಹುದು. ಹೆಚ್ಚಿನ ಸಾಮಾನು ಬೇಕಿಲ್ಲ. ಕಣಜ ಹೊರಬರುವ ಗಳಿಗೆಯಷ್ಟೇ ಮುಖ್ಯವಾದದ್ದು ಅದು ಬಿಟ್ಟುಹೋಗುವ ಖಾಲಿ ಗೂಡು. ಗೂಡಿಗೆ ಬಿದ್ದ ತೂತಿನ ಆಕಾರವನ್ನು ಓದಲು ಕಲಿತರೆ, ಹೊರಬಂದದ್ದು ಯಾರೆಂದು ನೀವು ನೋಡದಿದ್ದರೂ ಗೊತ್ತಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಆ ತೂತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನೋಡುವ ಮೊದಲು ತಿಳಿದಿರಬೇಕಾದದ್ದು

ಹೆಣ್ಣು ಕಣಜ ಹುಳುವನ್ನು ಹುಡುಕಿ, ಮೊಟ್ಟೆಯಿಡುವ ಸೂಜಿಯಂಥ ಅಂಗವನ್ನು ಅದರ ಮೈಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಎಲೆಕೋಸಿನ ಬಿಳಿ ಚಿಟ್ಟೆಯ ಹುಳುವನ್ನು ಹಿಡಿಯುವ ಕೊಟೇಸಿಯಾ ಗ್ಲಾಮೆರೇಟಾ ಒಂದೇ ಹುಳುವಿನಲ್ಲಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಟ್ಟೆ ಇಡುತ್ತದೆ. ಹುಳುವಿನ ಮೈಯಲ್ಲಿ ರಕ್ಷಣಾ ಕಣಗಳಿವೆ, ಹೊರಗಿನದೇನಾದರೂ ಒಳಹೊಕ್ಕರೆ ಅವು ಮುತ್ತಿಕೊಂಡು ಉಸಿರು ಕಟ್ಟಿಸಿ ಕೊಲ್ಲುತ್ತವೆ. ಅದಕ್ಕೆ ಕಣಜದ ಬಳಿ ಉತ್ತರವಿದೆ. ಮೊಟ್ಟೆಯ ಜೊತೆಗೆ ಅದು ಬ್ರಾಕೋವೈರಸ್ ಎಂಬ ವೈರಸ್ ಕಣಗಳನ್ನೂ ಒಳಗೆ ಸೇರಿಸುತ್ತದೆ. ಆ ಕಣಗಳು ಹುಳುವಿನ ರಕ್ಷಣಾ ವ್ಯವಸ್ಥೆಯನ್ನು ಅಡಗಿಸುತ್ತವೆ, ಬೆಳವಣಿಗೆಯ ದಿಕ್ಕನ್ನೂ ಬದಲಿಸುತ್ತವೆ. ಈ ವೈರಸ್‌ನ ವಂಶವಾಹಿಗಳು ಕಣಜದ ವರ್ಣತಂತುಗಳಲ್ಲೇ ಬೆಸೆದುಕೊಂಡಿವೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದು ಪೂರ್ವಜ ಕಣಜಕ್ಕೆ ತಗುಲಿದ ವೈರಸ್ ಹೀಗೆ ಮನೆಯವನೇ ಆಗಿ ಉಳಿದಿದೆ ಎಂಬುದು ವಿಜ್ಞಾನಿಗಳ ಲೆಕ್ಕ.

ಕಣಜದ ಮರಿಗಳು ಹುಳುವಿನ ದೇಹದ್ರವವನ್ನು ಹೀರಿ ಬೆಳೆಯುತ್ತವೆ. ಜೀವಕ್ಕೆ ಅತ್ಯಗತ್ಯವಾದ ಅಂಗಗಳನ್ನು ಮುಟ್ಟದೆ ಬಿಡುವುದರಿಂದ ಹುಳು ಬದುಕಿದ್ದು ಎಲೆ ತಿನ್ನುತ್ತಲೇ ಇರುತ್ತದೆ. ಎರಡು ವಾರದ ಆಸುಪಾಸಿನಲ್ಲಿ, ಬಿಸಿಲು ಸೆಕೆ ಹೆಚ್ಚಿದ್ದರೆ ಬೇಗ, ಚಳಿಯಿದ್ದರೆ ತಡವಾಗಿ, ಮರಿಗಳು ಒಳಗಿಂದ ಚರ್ಮ ಕೊರೆದು ಹೊರಬರುತ್ತವೆ. ಇಷ್ಟು ತೂತು ಬಿದ್ದರೂ ಹುಳುವಿನಿಂದ ದ್ರವ ಸುರಿಯುವುದಿಲ್ಲ. ಹೊರಬರುವಾಗಲೇ ಮರಿ ಪೊರೆ ಕಳಚುತ್ತದೆ, ಕಳಚಿದ ಪೊರೆ ತೂತಿನಲ್ಲೇ ಬಿರಡೆಯಾಗಿ ಉಳಿಯುತ್ತದೆ. ಹೊರಬಂದ ಮರಿ ತಡಮಾಡದೆ ಬಾಯಿಂದ ರೇಷ್ಮೆ ನೂಲು ತೆಗೆದು ಗೂಡು ನೇಯಲು ತೊಡಗುತ್ತದೆ.

ಇದನ್ನೆಲ್ಲ ಕ್ರೌರ್ಯ ಎನ್ನುವವರಿದ್ದಾರೆ. ಚಾರ್ಲ್ಸ್ ಡಾರ್ವಿನ್ ಕೂಡ 1860ರಲ್ಲಿ ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ, ಕರುಣಾಮಯನಾದ ದೇವರು ಇಂಥ ಕಣಜಗಳನ್ನು ಬೇಕೆಂದೇ ಸೃಷ್ಟಿಸಿರಬಹುದೆಂದು ತನಗೆ ನಂಬಲಾಗುತ್ತಿಲ್ಲ ಎಂದಿದ್ದ. ನೋಡುತ್ತ ಹೋದ ಹಾಗೆ ನನಗೆ ಕ್ರೌರ್ಯಕ್ಕಿಂತ ಹೆಚ್ಚಾಗಿ ಕಾಣುವುದು ಇದರ ಅಚ್ಚುಕಟ್ಟು.

ಎಲ್ಲಿ ಹುಡುಕಬೇಕು, ಏನನ್ನು ಹುಡುಕಬೇಕು

ಔಷಧಿ ಹೊಡೆಯದ, ಎಲೆಗಳಲ್ಲಿ ಅಲ್ಲಲ್ಲಿ ತೂತು ಬಿದ್ದ ಗಿಡಗಳಿಂದ ಶುರುಮಾಡಿ. ಹುಳು ಕಚ್ಚಿದ ಎಲೆಯಿಂದ ಹೊರಡುವ ವಾಸನೆಯ ಜಾಡು ಹಿಡಿದೇ ಕಣಜಗಳು ಬರುತ್ತವೆ. ಹಾಗಾಗಿ ಒಂದೂ ತೂತಿಲ್ಲದ ತೋಟದಲ್ಲಿ ಇವು ಸಿಗುವುದು ಕಷ್ಟ. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ, ಟೊಮ್ಯಾಟೊ, ಅವರೆ ಜಾತಿಯ ಬಳ್ಳಿಗಳು, ನಿಂಬೆ, ಗುಲಾಬಿ ಎಲ್ಲದರಲ್ಲೂ ನೋಡಿ. ಎಲೆಯ ತಳಭಾಗವನ್ನು ಮರೆಯಬೇಡಿ. ಎಲೆ ಮಗುಚುವಾಗ ತೊಟ್ಟು ಮುರಿಯದ ಹಾಗೆ ಕೆಳಗಿನಿಂದ ಬೆರಳು ಕೊಟ್ಟು ಎತ್ತಿ.

ಕಾಣಸಿಗುವ ಬಗೆಗಳು ಹಲವು. ಸತ್ತ ಅಥವಾ ಸಾಯುತ್ತಿರುವ ಹುಳುವಿನ ಕೆಳಗೆ ಹಳದಿ ಗೂಡುಗಳ ರಾಶಿ ಇದ್ದರೆ ಅದು ಕೊಟೇಸಿಯಾ ಗ್ಲಾಮೆರೇಟಾದ್ದು ಇರಬಹುದು. ಟೊಮ್ಯಾಟೊ, ಹೊಗೆಸೊಪ್ಪಿನ ಕೊಂಬಿನ ಹುಳುವಿನ ಬೆನ್ನ ಮೇಲೆ ಒಂದೊಂದಾಗಿ ನಿಂತ ಬಿಳಿ ಗೂಡುಗಳು ಅದೇ ಕುಲದ ಕೊಟೇಸಿಯಾ ಕಾಂಗ್ರಿಗೇಟಾದವು. ಈ ಜೋಡಿ ಇರುವುದು ಅಮೆರಿಕ ಖಂಡಗಳಲ್ಲಿ, ಬೇರೆಡೆ ಬೇರೆ ಹುಳುಗಳ ಮೇಲೆ ಇಂಥವೇ ಕಾಣುತ್ತವೆ. ಎಲೆಗೆ ಒಂಟಿಯಾಗಿ ಅಂಟಿಕೊಂಡ ಪುಟ್ಟ ಬಿಳಿ ಗೂಡು, ಪಕ್ಕದಲ್ಲಿ ಬಾಡಿದ ಚಿಕ್ಕ ಹುಳು ಇದ್ದರೆ, ಒಂದು ಹುಳುವಿಗೆ ಒಂದೇ ಮರಿ ಎಂಬ ಲೆಕ್ಕದ ಜಾತಿ ಅದು. ಇನ್ನು ಕೆಲವು ಗೂಡುಗಳು ಎಲೆಯಿಂದ ನೂಲೊಂದಕ್ಕೆ ಜೋತುಬಿದ್ದು ಗಾಳಿಗೆ ಓಲಾಡುತ್ತವೆ. ಮೀಟಿಯೋರಸ್ ಕುಲದ ಕಂದು ಗೂಡು, ಚಾರಪ್ಸ್ ಕುಲದ ಕಪ್ಪು ಚುಕ್ಕೆಗಳ ಗೂಡು ಈ ತರಹದವು. ನೆಲದ ಮೇಲೆ ಹರಿದಾಡುವ ಇರುವೆಗಳ ಕೈಗೆ ಸಿಗದಿರಲು ಇದೊಂದು ಉಪಾಯ.

ಸಸ್ಯಹೇನಿನ ಗುಂಪಿನಲ್ಲೂ ಹುಡುಕಿ. ಉಳಿದವು ಹಸಿರಾಗಿದ್ದು, ನಡುವೆ ಒಂದೆರಡು ಹೇನು ಉಬ್ಬಿ, ಕಾಗದದಂತೆ ಒಣಗಿ, ಹೊಂಬಣ್ಣಕ್ಕೆ ತಿರುಗಿ ಅಲ್ಲಾಡದೆ ಕೂತಿದ್ದರೆ ಅವುಗಳ ಚರ್ಮವೇ ಏಫಿಡಿಯಸ್ ಕಣಜದ ಕವಚವಾಗಿದೆ. ಹೇನಿನ ಕೆಳಗೆ ಪುಟ್ಟ ಡೇರೆಯಂತೆ ರೇಷ್ಮೆ ಇದ್ದರೆ ಅದು ಪ್ರೇಯಾನ್ ಕುಲದ್ದು. ಹುಳುಗಳು ಸಿಗದ ಕಾಲದಲ್ಲೂ ಹೇನು ಸಿಗುತ್ತದೆ, ಆದ್ದರಿಂದ ಮೊದಲ ಸಲ ಪ್ರಯತ್ನಿಸುವವರಿಗೆ ಇದು ಸುಲಭದ ದಾರಿ.

ಮೋಸ ಹೋಗಬಹುದಾದ ಕೆಲವನ್ನೂ ಹೇಳಬೇಕು. ಜೇಡದ ಮೊಟ್ಟೆ ಚೀಲ ಸಾಮಾನ್ಯವಾಗಿ ಗುಂಡಗೆ ಅಥವಾ ಚಪ್ಪಟೆಯಾಗಿ ಮೆತ್ತೆಯಂತಿರುತ್ತದೆ, ಕಣಜದ ಗೂಡು ಉದ್ದನೆಯದು, ಎರಡೂ ತುದಿ ದುಂಡು. ಬಿಳಿ ಹಿಟ್ಟು ತಿಗಣೆಯನ್ನು ಕಡ್ಡಿಯಿಂದ ತಾಕಿದರೆ ಮೇಣದ ಪುಡಿ ಅಂಟುತ್ತದೆ, ಗೂಡಿನಿಂದ ಪುಡಿ ಬರುವುದಿಲ್ಲ. ಸತ್ತ ಹುಳುವಿನ ಬಳಿ ನುಣುಪಾದ, ಕಂದು ಬಣ್ಣದ, ರೇಷ್ಮೆಯಿಲ್ಲದ ಪೀಪಾಯಿಯಂಥದು ಕಂಡರೆ ಅದು ಕಣಜವಲ್ಲ, ಟ್ಯಾಕಿನಿಡ್ ನೊಣದ ಕೋಶ. ಅದೂ ಹುಳುಗಳನ್ನು ಒಳಗಿಂದ ತಿಂದು ಬೆಳೆಯುವುದೇ. ಅದನ್ನೂ ಇದೇ ರೀತಿ ನೋಡಬಹುದು.

ಗಿಡದ ಮೇಲೋ, ಸೀಸೆಯೊಳಗೋ

ಗೂಡು ಕಂಡ ಕೂಡಲೇ ಕಿತ್ತು ತರಬೇಡಿ. ಒಂದು ದಿನ ಅಲ್ಲೇ ನೋಡಿ. ಹುಳು ಇನ್ನೂ ಬದುಕಿದ್ದರೆ ಅದು ಏನು ಮಾಡುತ್ತದೆ ಎಂಬುದು ನೋಡತಕ್ಕ ವಿಷಯ. ಎಲೆ ತಿನ್ನುವುದನ್ನು ಅದು ನಿಲ್ಲಿಸಿರುತ್ತದೆ. ಕೊಟೇಸಿಯಾ ಗ್ಲಾಮೆರೇಟಾ ಹೊಕ್ಕ ಹುಳು ಗೂಡುಗಳ ಮೇಲೆಯೇ ಕೂತು ತನ್ನ ರೇಷ್ಮೆಯನ್ನೂ ಅವಕ್ಕೆ ಹೊದಿಸುವುದುಂಟು. ಬ್ರೆಜಿಲ್‌ನಲ್ಲಿ ಗ್ಲಿಪ್ಟಪ್ಯಾಂಟೆಲಿಸ್ ಎಂಬ ಕಣಜವನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹುಳು ಗೂಡುಗಳ ಪಕ್ಕ ಕಾವಲು ನಿಂತು, ಹತ್ತಿರ ಬಂದ ತಿಗಣೆಗಳನ್ನು ತಲೆ ಬೀಸಿ ಬೀಸಿ ಅಟ್ಟುವುದು ದಾಖಲಾಯಿತು. ಕಾವಲಿದ್ದ ಗೂಡುಗಳು ಕಾವಲಿಲ್ಲದವುಗಳಿಗಿಂತ ಹೆಚ್ಚು ಉಳಿದವು. ನಿಮ್ಮ ಹುಳುವನ್ನು ಗರಿಯ ತುದಿಯಿಂದ ಮೆಲ್ಲಗೆ ಒಮ್ಮೆ ತಾಕಿ ನೋಡಿ, ತಲೆ ಬೀಸಿದರೆ ಬರೆದಿಟ್ಟುಕೊಳ್ಳಿ. ಪದೇ ಪದೇ ಕೆಣಕಬೇಡಿ.

ನನ್ನ ಸಲಹೆ ಇಷ್ಟೇ: ಹತ್ತಾರು ಗೂಡುಗಳ ಗುಂಪು ಸಿಕ್ಕರೆ ಅರ್ಧ ಗಿಡದಲ್ಲೇ ಇರಲಿ, ಅರ್ಧ ಸೀಸೆಗೆ ಬರಲಿ. ಗುಂಪನ್ನು ಒಡೆಯಲಾಗದಿದ್ದರೆ ಗಿಡದಲ್ಲೇ ಬಿಟ್ಟು, ಸುತ್ತ ತೆಳುವಾದ ಬಟ್ಟೆಯ ಚೀಲ ಕಟ್ಟಿ. ಹುಳುವಿನ ಮೈಗೇ ಅಂಟಿದ ಗೂಡುಗಳಾದರೆ ಹುಳುವನ್ನು ಎಲೆ ಸಮೇತ, ಇಡಿಯಾಗಿ ತನ್ನಿ. ಗೂಡನ್ನು ಎಳೆದು ಬಿಡಿಸಲು ಹೋದರೆ ಗೂಡೂ ಹರಿಯುತ್ತದೆ, ಒಳಗಿನ ಕೋಶವೂ ನಜ್ಜುಗುಜ್ಜಾಗುತ್ತದೆ. ಎಲೆಗೆ ಅಂಟಿದ್ದಾದರೆ ಗೂಡಿನ ಸುತ್ತ ಬೆರಳಗಲ ಎಲೆ ಬಿಟ್ಟು ಕತ್ತರಿಯಿಂದ ಕತ್ತರಿಸಿ.

ಸೀಸೆಯ ತಯಾರಿ

ಅಗಲ ಬಾಯಿಯ ಗಾಜಿನ ಸೀಸೆ ಸಾಕು. ಹಿಂದೆ ಅದರಲ್ಲಿ ಕೀಟನಾಶಕವಾಗಲಿ ಘಾಟಿನ ವಸ್ತುವಾಗಲಿ ಇದ್ದಿರಬಾರದು. ತಳಕ್ಕೆ ಎರಡು ಪದರ ಟಿಶ್ಯೂ ಕಾಗದ ಹಾಸಿ. ಎಲೆತುಂಡನ್ನು ಅದರ ಮೇಲೆ, ಗೂಡು ಮೇಲೆ ಬರುವ ಹಾಗೆ ಇಡಿ. ನೆಟ್ಟಗೆ ನಿಲ್ಲಿಸಿದ ಒಂದು ಕಡ್ಡಿಯೂ ಇರಲಿ, ಹೊರಬಂದ ಕಣಜ ಹತ್ತಿ ಕೂರಲು ಬೇಕು.

ಬಾಯಿಗೆ ಕಟ್ಟುವ ಬಟ್ಟೆಯ ವಿಷಯದಲ್ಲಿ ಎಚ್ಚರ. ಸೊಳ್ಳೆ ಪರದೆ ಸಾಲದು. ಈ ಕಣಜಗಳ ಉದ್ದ ಎರಡು ಮೂರು ಮಿಲಿಮೀಟರ್ ಮಾತ್ರ, ಅವುಗಳಿಗಿಂತ ಚಿಕ್ಕವೂ ಒಳಗಿಂದ ಬರಬಹುದು. ಅವು ಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳಿ ಹೋಗುತ್ತವೆ. ಒತ್ತಾಗಿ ನೇಯ್ದ ತೆಳು ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಗಾಳಿಯಾಡದ ಮುಚ್ಚಳ ಹಾಕಲೇಬೇಡಿ. ಹಸಿ ಎಲೆಯಿಂದ ಏಳುವ ತೇವ ಗಾಜಿಗೆ ಹನಿಗಟ್ಟಿ ಗೂಡಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಗೂಡು ಕೆಡುವುದಕ್ಕೆ ಮುಖ್ಯ ಕಾರಣ ಇದೇ. ತೀರಾ ಒಣಗಿದರೂ ಒಳಗಿನ ಜೀವ ಉಳಿಯದು. ಹವೆ ಒಣಗಿದ್ದರೆ, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯ ಉಂಡೆಯೊಂದನ್ನು ಗೂಡಿಗೆ ತಾಗದಂತೆ ಮೂಲೆಯಲ್ಲಿಡಿ. ಗಾಜಿನಲ್ಲಿ ಹನಿ ಕಂಡ ದಿನ ಅದನ್ನು ತೆಗೆದುಬಿಡಿ.

ಸೀಸೆ ಇರಬೇಕಾದ್ದು ಬೆಳಕಿರುವ, ನೇರ ಬಿಸಿಲು ಬೀಳದ ಜಾಗದಲ್ಲಿ. ಕಿಟಕಿಯ ಬಿಸಿಲಲ್ಲಿ ಗಾಜಿನ ಸೀಸೆಯ ಒಳಗು ಸ್ವಲ್ಪ ಹೊತ್ತಿನಲ್ಲೇ ಕಾದು ಎಲ್ಲವೂ ಬೆಂದುಹೋಗುತ್ತವೆ. ಹೊರಗೆ ಇಡುವುದಾದರೆ ಇರುವೆ ಹತ್ತದಂತೆ ನೀರು ತುಂಬಿದ ತಟ್ಟೆಯ ನಡುವೆ ಇಡಿ. ಸೀಸೆಗೆ ಚೀಟಿ ಅಂಟಿಸಿ: ಗೂಡು ಸಿಕ್ಕ ತಾರೀಖು, ಯಾವ ಗಿಡ, ಯಾವ ಹುಳು, ಗೂಡು ಎಷ್ಟು. ಹುಳುವಿನ ಹೆಸರು ಗೊತ್ತಿಲ್ಲದಿದ್ದರೆ ಅದರ ಫೋಟೊ ತೆಗೆದಿಡಿ. ಹುಳು ಯಾವುದೆಂದು ತಿಳಿಯದೆ ಕಣಜವನ್ನು ಗುರುತಿಸುವುದು ಬಲು ಕಷ್ಟ, ಆ ಹುಳುವೋ ಕೆಲವೇ ದಿನಗಳಲ್ಲಿ ಸತ್ತು ಗುರುತು ಸಿಗದಂತೆ ಮುದುಡಿಹೋಗುತ್ತದೆ.

ಕಾಯುವ ದಿನಗಳು

ಬೆಚ್ಚಗಿನ ಹವೆಯಲ್ಲಿ ಗೂಡು ನೇಯ್ದ ದಿನದಿಂದ ಕಣಜ ಹೊರಬರಲು ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ, ತಂಪಿದ್ದರೆ ಇನ್ನೂ ಹೆಚ್ಚು. ನಿಮಗೆ ಗೂಡು ಸಿಕ್ಕಿದ್ದು ಎಷ್ಟನೆಯ ದಿನವೋ ತಿಳಿಯದ ಕಾರಣ ಮೊದಲ ದಿನದಿಂದಲೇ ಬೆಳಗ್ಗೆ ಸಂಜೆ ಒಂದೊಂದು ಸಲ ನೋಡುವುದು ಒಳ್ಳೆಯದು. ಚಳಿಗಾಲ ಗಟ್ಟಿಯಾಗಿರುವ ದೇಶಗಳಲ್ಲಿ ಶರತ್ಕಾಲದ ಕೊನೆಗೆ ಸಿಕ್ಕ ಗೂಡುಗಳನ್ನು ಮನೆಯೊಳಗೆ ತರಬಾರದು. ಕೊಟೇಸಿಯಾ ಗ್ಲಾಮೆರೇಟಾ ಗೂಡಿನೊಳಗೇ ಚಳಿಗಾಲ ಕಳೆಯುತ್ತದೆ. ಮನೆಯ ಬಿಸುಪಿಗೆ ಮೋಸಹೋಗಿ ಅಕಾಲದಲ್ಲಿ ಹೊರಬಂದರೆ ಹೊರಗೆ ಅದಕ್ಕೆ ಹೂವೂ ಇಲ್ಲ, ಹುಳುವೂ ಇಲ್ಲ.

ಈ ದಿನಗಳಲ್ಲಿ ಗೂಡು ಹೊರಗಿನಿಂದ ಹಾಗೇ ಇದ್ದಂತೆ ಕಂಡರೂ ಒಳಗೆ ಮರಿ ಕೋಶವಾಗಿ, ಕೋಶ ಕಣಜವಾಗುತ್ತಿರುತ್ತದೆ. ರೇಷ್ಮೆ ತೆಳುವಾಗಿದ್ದರೆ, ಗೂಡಿನ ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಮೊದಲು ಕಣ್ಣಿನ ಜಾಗ ಕಪ್ಪಾಗುತ್ತದೆ, ಆಮೇಲೆ ಎದೆ, ಬಳಿಕ ಇಡೀ ಮೈ. ಗೂಡಿನೊಳಗೆ ಕಪ್ಪು ಆಕೃತಿ ಕಂಡಿತೆಂದರೆ ಇನ್ನು ಒಂದೆರಡು ದಿನ ಎಂದು ಲೆಕ್ಕ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಈ ಎಲ್ಲ ಕೆಲಸಕ್ಕೂ ಸಾಕು. ಸಾಮಾನಿನಲ್ಲಿ ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಹೊರಬರುವ ಹೊತ್ತು

ಬೆಳಕು ಹರಿದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ಸೀಸೆಯ ಮುಂದೆ ಕೂರಿ. ಗೂಡಿನ ಒಂದು ತುದಿಯಲ್ಲಿ ಸೂಕ್ಷ್ಮವಾದ ಗೀರು ಕಾಣಿಸಿಕೊಳ್ಳುತ್ತದೆ. ಒಳಗಿನ ಕಣಜ ದವಡೆಗಳಿಂದ ರೇಷ್ಮೆಯನ್ನು ಕತ್ತರಿಸುತ್ತ, ತಾನೂ ತಿರುಗುತ್ತ, ತುದಿಯ ಸುತ್ತ ವೃತ್ತ ಬರೆಯುತ್ತಿರುತ್ತದೆ. ವೃತ್ತ ಪೂರ್ತಿಯಾಗುವ ಮೊದಲೇ ಸಂದಿಯಿಂದ ಮೀಸೆಗಳು ಹೊರಬಂದು ಗಾಳಿ ತಡಕುತ್ತವೆ. ಆಮೇಲೆ ತಲೆಯ ಒತ್ತು ಬಿದ್ದು ತುದಿ ಮುಚ್ಚಳದಂತೆ ಎದ್ದು ಪಕ್ಕಕ್ಕೆ ವಾಲುತ್ತದೆ. ಎಷ್ಟೋ ಸಲ ಮುಚ್ಚಳ ಕಳಚಿ ಬೀಳದೆ ಒಂದೆರಡು ಎಳೆಗಳಲ್ಲಿ ನೇತಾಡುತ್ತ ಉಳಿಯುತ್ತದೆ. ಮುಂಗಾಲು ಅಂಚು ಹಿಡಿಯುತ್ತವೆ, ಎದೆ ಹೊರಬರುತ್ತದೆ, ಉಳಿದ ಮೈ ಸುಲಭವಾಗಿ ಜಾರಿ ಬರುತ್ತದೆ.

ಚಿಟ್ಟೆಯ ಹಾಗೆ ಇದು ಬಹಳ ಹೊತ್ತು ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳುತ್ತ ಕೂರುವುದಿಲ್ಲ. ಮೀಸೆಗಳನ್ನು ಮುಂಗಾಲಿನಿಂದ ನೀವಿಕೊಳ್ಳುತ್ತದೆ, ಹಿಂಗಾಲಿನಿಂದ ರೆಕ್ಕೆ, ಹೊಟ್ಟೆಗಳನ್ನು ಸವರಿಕೊಳ್ಳುತ್ತದೆ, ಒಳಗೆ ಕೂಡಿಟ್ಟಿದ್ದ ಮಲದ ಹನಿಯನ್ನು ಹೊರಹಾಕುತ್ತದೆ. ನಂತರ ಬೆಳಕಿನ ಕಡೆಗೆ, ಮೇಲಕ್ಕೆ ನಡೆಯುತ್ತದೆ. ಇದನ್ನು ಬಳಸಿಕೊಂಡೇ ನೀವು ಅದನ್ನು ಬೇಕಾದ ಕಡೆಗೆ ಸೆಳೆಯಬಹುದು. ಸೀಸೆಯ ಒಂದು ಬದಿಯನ್ನು ಕಿಟಕಿಗೆ ತಿರುಗಿಸಿದರೆ ಎಲ್ಲವೂ ಆ ಬದಿಯ ಗಾಜಿಗೆ ಬಂದು ಸೇರುತ್ತವೆ, ನೋಡಲು ಅನುಕೂಲ.

ಒಂದೇ ಗುಂಪಿನ ಗೂಡುಗಳಲ್ಲಿ ಸಾಮಾನ್ಯವಾಗಿ ಗಂಡುಗಳು ಮೊದಲು ಬರುತ್ತವೆ. ಅವುಗಳ ಮೀಸೆ ಹೆಣ್ಣಿನದಕ್ಕಿಂತ ಉದ್ದ. ಹೊರಬಂದು ಗೂಡುಗಳ ಸುತ್ತಲೇ ಸುಳಿದಾಡುತ್ತ, ಹೆಣ್ಣಿನ ವಾಸನೆ ಸಿಕ್ಕಿತೋ ಇಲ್ಲವೋ ರೆಕ್ಕೆಗಳನ್ನು ಮೇಲೆತ್ತಿ ಪಟಪಟನೆ ಬಡಿಯುತ್ತವೆ. ಹೆಣ್ಣು ಹೊರಬಂದ ಕೂಡಲೇ ಅಲ್ಲೇ ಮಿಲನ. ಈ ಕಣಜಗಳಲ್ಲಿ ಗಂಡು ಹೆಣ್ಣು ನಿರ್ಧಾರವಾಗುವ ಕ್ರಮ ಬೇರೆಯದೇ. ಗಂಡಿನ ಬೀಜ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಹಾಗಾಗಿ ಮಿಲನವಾಗದ ಹೆಣ್ಣೂ ಮೊಟ್ಟೆ ಇಡಬಲ್ಲದು, ಆದರೆ ಅದರ ಸಂತಾನವೆಲ್ಲ ಗಂಡೇ. ನಿಮ್ಮ ಸೀಸೆಯಲ್ಲಿ ಹೊರಬಂದವೆಲ್ಲ ಗಂಡಾಗಿದ್ದರೆ ಅವುಗಳ ತಾಯಿಗೆ ಜೊತೆಗಾರ ಸಿಕ್ಕಿರಲಿಲ್ಲ ಎಂದು ಊಹಿಸಲು ಅವಕಾಶವಿದೆ.

ಕಚ್ಚುತ್ತವೆಯೇ ಎಂಬ ಭಯ ಬೇಡ. ಇಷ್ಟು ಚಿಕ್ಕ ಕಣಜಗಳು ಮನುಷ್ಯರಿಗೆ ಏನೂ ಮಾಡಲಾರವು. ದೀಪದ ಬೆಳಕಿಗೆ ಬರುವ ಉದ್ದ ಕಾಲಿನ, ಕಿತ್ತಳೆ ಬಣ್ಣದ ದೊಡ್ಡ ಇಕ್ನ್ಯೂಮನ್ ಕಣಜಗಳಲ್ಲಿ ಕೆಲವನ್ನು ಬೆರಳಲ್ಲಿ ಹಿಡಿದರೆ ಚುಚ್ಚಬಹುದು. ಅವನ್ನು ಹಿಡಿಯದಿದ್ದರಾಯಿತು.

ತೂತನ್ನು ಓದುವುದು

ಕೆಲವರು ಕಣಜ ಹೊರಬಂದದ್ದನ್ನು ನೋಡಿ, ಸೀಸೆ ತೊಳೆದು ಇಟ್ಟುಬಿಡುತ್ತಾರೆ. ಆದರೆ ಅರ್ಧ ಕಥೆ ಬಾಕಿ ಉಳಿದಿರುತ್ತದೆ. ಹುಳುವನ್ನು ತಿನ್ನುವ ಈ ಕಣಜವನ್ನೇ ತಿಂದು ಬೆಳೆಯುವ ಬೇರೆ ಕಣಜಗಳಿವೆ. ಲೈಸಿಬಿಯಾ ನಾನಾ ಎಂಬ ಕಣಜ ಕೊಟೇಸಿಯಾದ ಹೊಸ ಗೂಡುಗಳನ್ನು ಹುಡುಕಿ, ರೇಷ್ಮೆಯ ಮೂಲಕವೇ ಚುಚ್ಚಿ ಒಳಗಿನ ಜೀವದ ಮೇಲೆ ಮೊಟ್ಟೆ ಇಡುತ್ತದೆ. ಗೆಲಿಸ್ ಕುಲದ ಕಣಜಗಳೂ ಹೀಗೆಯೇ. ಅವುಗಳಲ್ಲಿ ಹಲವು ಜಾತಿಗಳ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ, ನೋಡಿದರೆ ಇರುವೆಯೆಂದು ಬಿಟ್ಟುಬಿಡುತ್ತೀರಿ. ಗಿಡದಲ್ಲಿ ಗೂಡುಗಳ ಮೇಲೆ ಒಂಟಿ ‘ಇರುವೆ’ ಮೀಸೆಯಿಂದ ತಟ್ಟುತ್ತ ನಿಧಾನವಾಗಿ ಓಡಾಡುತ್ತಿದ್ದರೆ ಭೂತಗನ್ನಡಿ ಹಿಡಿದು ನೋಡಿ.

ಲೈಸಿಬಿಯಾ ಗೂಡನ್ನು ಪತ್ತೆಹಚ್ಚುವ ಬಗೆಯನ್ನು ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಬಿಡಿಸಿ ತೋರಿಸಿದರು. ಒಡಲಲ್ಲಿ ಕಣಜದ ಮರಿ ಹೊತ್ತ ಹುಳು ಎಲೆ ಕಚ್ಚಿದಾಗ ಗಿಡದಿಂದ ಹೊರಡುವ ವಾಸನೆ, ಆರೋಗ್ಯವಂತ ಹುಳು ಕಚ್ಚಿದಾಗ ಬರುವ ವಾಸನೆಗಿಂತ ಬೇರೆ. ಆ ವ್ಯತ್ಯಾಸವನ್ನೇ ಲೈಸಿಬಿಯಾ ಮೂಸಿ ಬರುತ್ತದೆ. ಅಂದರೆ ಮೊದಲ ಕಣಜವನ್ನು ಕರೆದ ಗಿಡವೇ ಅದರ ವೈರಿಗೂ ಸುಳಿವು ಕೊಟ್ಟಂತಾಯಿತು.

ಇನ್ನು ತೂತಿನ ವಿಷಯ. ಖಾಲಿ ಗೂಡುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಪಕ್ಕದಿಂದ ಬೆಳಕು ಬೀಳುವ ಹಾಗೆ ಮಾಡಿ, ಒಂದೊಂದನ್ನೇ ನೋಡಿ.

ಗೂಡಿನ ತುದಿ ನೀಟಾಗಿ ದುಂಡಗೆ ಕತ್ತರಿಸಿದ್ದು, ಮುಚ್ಚಳ ಅಂಟಿಕೊಂಡೇ ಇದ್ದರೆ ಅಥವಾ ಪಕ್ಕದಲ್ಲಿ ಬಿದ್ದಿದ್ದರೆ, ಗೂಡು ನೇಯ್ದ ಕಣಜವೇ ಹೊರಬಂದಿದೆ. ತುದಿಯಿಂದ ಈಚೆಗೆ, ಪಕ್ಕದಲ್ಲಿ, ಅಂಚು ಅಂಕುಡೊಂಕಾಗಿ ಹರಿದಂತಿರುವ ತೂತು ಬಿದ್ದಿದ್ದು ಮುಚ್ಚಳವೇ ಇಲ್ಲದಿದ್ದರೆ, ಹೊರಬಂದದ್ದು ಹೆಚ್ಚಾಗಿ ಎರಡನೆಯ ಕಣಜ, ಅಂದರೆ ಗೂಡು ನೇಯ್ದದ್ದನ್ನು ತಿಂದು ಬೆಳೆದದ್ದು. ತೂತು ತೀರಾ ಚಿಕ್ಕದಾಗಿದ್ದು ಒಂದೇ ಗೂಡಿನಿಂದ ಹಲವು ಕಣಜಗಳು ಬಂದಿದ್ದರೆ, ಅವುಗಳ ಮೈ ಹಸಿರೋ ನೀಲಿಯೋ ಲೋಹದ ಹೊಳಪಿನದಾಗಿದ್ದರೆ, ಅವು ಚಾಲ್ಸಿಡ್ ಗುಂಪಿಗೆ ಸೇರಿದವು. ಗೂಡು ಬದಿಯಲ್ಲಿ ಸೀಳಿ ಒಳಗು ಖಾಲಿಯಾಗಿದ್ದರೆ ಯಾವುದೋ ಬೇಟೆಗಾರ ಕೀಟ ತಿಂದುಹೋಗಿದೆ. ಒಣಗಿದ ಸಸ್ಯಹೇನಿಗೂ ಇದೇ ಲೆಕ್ಕ: ಹಿಂಭಾಗದಲ್ಲಿ ನುಣುಪಾದ ದುಂಡು ತೂತು ಮತ್ತು ಮುಚ್ಚಳ ಇದ್ದರೆ ಏಫಿಡಿಯಸ್, ಅಂಚು ಹರಿದಿದ್ದರೆ ಅದರ ವೈರಿ.

ಹೊರಬಂದ ದಿನಾಂಕವೂ ಸಾಕ್ಷಿ ಹೇಳುತ್ತದೆ. ಗೂಡಿನ ಒಡೆಯರು ಒಂದೆರಡು ದಿನದೊಳಗೆ ಒಟ್ಟೊಟ್ಟಿಗೆ ಬಂದುಬಿಡುತ್ತಾರೆ. ಎರಡನೆಯವರು ಮೊಟ್ಟೆಯಿಂದ ಬೆಳೆಯಬೇಕಾದ್ದರಿಂದ ಅದಾದ ಒಂದು ವಾರಕ್ಕೋ ಇನ್ನೂ ತಡವಾಗಿಯೋ ಬರುತ್ತಾರೆ. ಮೊದಲ ಕಣಜಗಳು ಹಾರಿಹೋದ ಮೇಲೂ ತೆರೆಯದ ಗೂಡುಗಳನ್ನು ಒಂದು ತಿಂಗಳು ಸೀಸೆಯಲ್ಲೇ ಇಟ್ಟಿರಬೇಕು ಎನ್ನುವುದು ಇದಕ್ಕೇ.

ಎರಡನೆಯ ಕಣಜ ಬಂದರೆ ಕೊಲ್ಲಬೇಕೇ? ಕೈತೋಟದ ಮಟ್ಟದಲ್ಲಿ ಬೇಡ ಎನ್ನುವುದೇ ನನ್ನ ಖಚಿತ ಅಭಿಪ್ರಾಯ. ಬೆಳೆ ಹುಳುಗಳ ನಿಯಂತ್ರಣಕ್ಕೆಂದು ಒಂದು ದೇಶದಿಂದ ಇನ್ನೊಂದಕ್ಕೆ ಕಣಜ ತರುವವರು ಅದರ ಬೆನ್ನಿಗೆ ವೈರಿ ಬಾರದಂತೆ ಮುಚ್ಚಿದ ಪ್ರಯೋಗಾಲಯದಲ್ಲಿ ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾರೆ, ಅದು ಸರಿ. ಕೊಟೇಸಿಯಾ ಗ್ಲಾಮೆರೇಟಾ ಸ್ವತಃ 1883ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೀಗೆಯೇ ಒಯ್ದದ್ದು. ನಿಮ್ಮ ತೋಟದಲ್ಲಿ ಮೊದಲಿನಿಂದ ಇರುವ ಎರಡನೆಯ ಕಣಜವನ್ನು ಸೀಸೆಯಲ್ಲಿ ಕೊಂದರೆ ಹೊರಗಿನ ಲೆಕ್ಕ ಬದಲಾಗುವುದಿಲ್ಲ.

ಫೋಟೊ ಮತ್ತು ಗುರುತು

ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಇದ್ದರೆ ಸಾಕು. ಕಣಜ ಓಡಾಡುತ್ತಿದ್ದರೆ ಸೀಸೆಯನ್ನು ಕೆಲವು ನಿಮಿಷ ಫ್ರಿಜ್‌ನಲ್ಲಿಡಿ, ಅದು ಜಡವಾಗಿ ನಿಲ್ಲುತ್ತದೆ. ಫ್ರೀಜರ್‌ನಲ್ಲಿ ಇಡಬೇಡಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ರೆಕ್ಕೆಯ ನರಗಳು ಕಾಣುವಂತೆ ಒಂದು, ಮೀಸೆ ಪೂರ್ತಿ ಬರುವಂತೆ ಒಂದು ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಮೀಸೆಯ ಚಿತ್ರ ಸ್ಪಷ್ಟವಿದ್ದರೆ ಅದರ ಗೆಣ್ಣುಗಳನ್ನು ಎಣಿಸಿ. ಕೊಟೇಸಿಯಾ ಸೇರಿರುವ ಮೈಕ್ರೋಗ್ಯಾಸ್ಟ್ರಿನೆ ಉಪಕುಟುಂಬದ ಕಣಜಗಳಿಗೆ ಮೀಸೆಯಲ್ಲಿ 18 ಗೆಣ್ಣು. ಜಾತಿ ಯಾವುದಾದರೂ ಈ ಸಂಖ್ಯೆ ಬದಲಾಗದು. ಮುಂರೆಕ್ಕೆಯ ಅಂಚಿನಲ್ಲಿ ದಪ್ಪ ತ್ರಿಕೋನದ ಮಚ್ಚೆಯನ್ನೂ ನೋಡಿ. ಇದಕ್ಕಿಂತ ಮುಂದೆ ಹೋಗಿ ಫೋಟೊದಿಂದಲೇ ಜಾತಿ ಹೇಳುವುದು ಎಷ್ಟೋ ಸಲ ತಜ್ಞರಿಗೂ ಆಗುವುದಿಲ್ಲ. ಆದರೆ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕುವಾಗ ಗಿಡ, ಹುಳು, ಗೂಡು, ಕಣಜ ನಾಲ್ಕರ ಚಿತ್ರವನ್ನೂ ಒಟ್ಟಿಗೆ ಕೊಟ್ಟರೆ ಆ ದಾಖಲೆಯ ಬೆಲೆ ಬಹಳ ಹೆಚ್ಚು. ಯಾವ ಹುಳುವಿನಿಂದ ಯಾವ ಕಣಜ ಬಂತು ಎಂಬುದು ಬರೀ ಬಲೆ ಬೀಸಿ ಹಿಡಿದ ಕಣಜದಿಂದ ತಿಳಿಯುವುದಿಲ್ಲ, ಸಾಕಿ ನೋಡಿದವರಿಗೇ ಗೊತ್ತು.

ಬಿಡುಗಡೆ, ಆಮೇಲಿನ ಆರೈಕೆ

ಹೊರಬಂದ ದಿನವೇ ಬಿಡುವುದು ಉತ್ತಮ. ಆಹಾರವಿಲ್ಲದೆ ಇವು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ, ಮಕರಂದ ಸಿಕ್ಕರೆ ವಾರಗಟ್ಟಲೆ ಬಾಳಬಹುದು. ಒಂದು ದಿನ ಇಟ್ಟುಕೊಳ್ಳಲೇಬೇಕಾದರೆ ನೀರು ಬೆರೆಸಿದ ಜೇನನ್ನು ಹತ್ತಿಯ ತುದಿಯಲ್ಲಿ ಅದ್ದಿ, ಬಟ್ಟೆಯ ಹೊರಗಿನಿಂದ ಸವರಿ. ಒಳಗೆ ಹನಿ ಬಿಟ್ಟರೆ ಕಣಜ ಅಂಟಿಕೊಂಡು ಸಾಯುತ್ತದೆ. ಗೂಡು ಸಿಕ್ಕ ಗಿಡದ ಬುಡದಲ್ಲೇ, ಗಾಳಿ ಮಳೆ ಇಲ್ಲದ ಹೊತ್ತಿನಲ್ಲಿ, ಸೀಸೆಯನ್ನು ಮಲಗಿಸಿ ಬಟ್ಟೆ ಬಿಚ್ಚಿ. ಅವು ತಾವಾಗಿ ಹೊರನಡೆಯಲಿ.

ಅವು ನಿಮ್ಮ ತೋಟದಲ್ಲೇ ಉಳಿಯಬೇಕಾದರೆ ಹೂವು ಬೇಕು, ಅದೂ ಚಿಕ್ಕ ಹೂವು. ಇವುಗಳ ಬಾಯಿ ಚಿಕ್ಕದು, ಆಳವಾದ ಹೂವಿನ ಮಕರಂದ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸೋಂಪು ಗಿಡಗಳ ಕೊಡೆಯಾಕಾರದ ಗೊಂಚಲುಗಳಲ್ಲಿ ಮಕರಂದ ಮೇಲೆಯೇ ಇರುತ್ತದೆ. ಒಂದೆರಡು ಗಿಡವನ್ನು ಕೀಳದೆ ಹೂಬಿಡಲು ಬಿಡಿ. ಔಷಧಿಯ ವಿಷಯದಲ್ಲಿ ಒಂದು ಮಾತು: ಎಲ್ಲ ಕೀಟಗಳನ್ನೂ ಕೊಲ್ಲುವ ಸಿಂಪಡಣೆ ಕಣಜವನ್ನೂ ಕೊಲ್ಲುತ್ತದೆ ಎಂಬುದು ಹೇಳಬೇಕಾದ್ದಿಲ್ಲ. ಹುಳುಗಳನ್ನು ಮಾತ್ರ ಕೊಲ್ಲುವ ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ) ಸಿಂಪಡಣೆ ಕೂಡ, ಒಡಲಲ್ಲಿ ಕಣಜದ ಮರಿ ಹೊತ್ತ ಹುಳುವಿಗೆ ಬಿದ್ದರೆ ಹುಳುವಿನ ಜೊತೆಗೆ ಮರಿಗಳನ್ನೂ ಮುಗಿಸುತ್ತದೆ. ಗೂಡು ಕಂಡ ಗಿಡಗಳನ್ನು ಸಿಂಪಡಣೆಯಿಂದ ಹೊರಗಿಡಿ. ಬೇರೆ ಗಿಡದ ಹುಳುಗಳು ಮಿತಿಮೀರಿದರೆ ಕೈಯಿಂದ ಆರಿಸಿ, ಗೂಡು ಹೊತ್ತವನ್ನು ಬಿಟ್ಟು ಉಳಿದವನ್ನು ತೆಗೆಯಿರಿ.

ತಿಂಗಳು ಕಳೆದ ಮೇಲೂ ತೆರೆಯದೆ ಉಳಿದ ಗೂಡುಗಳನ್ನು, ಅವು ಚಳಿಗಾಲಕ್ಕೆ ಮಲಗಿದವಲ್ಲ ಎಂದು ಖಚಿತವಾದರೆ, ಸೂಜಿ ಮತ್ತು ಚಿಮಟದಿಂದ ಬಿಡಿಸಿ ನೋಡಿ. ಒಳಗೆ ಒಣಗಿದ ಮರಿಯೋ, ಪೂರ್ತಿ ಬೆಳೆದೂ ಹೊರಬರಲಾಗದ ಕಣಜವೋ, ಬೂಷ್ಟೋ, ಎರಡನೆಯ ಕಣಜದ ಕೋಶವೋ ಸಿಗುತ್ತದೆ. ಸಿಕ್ಕಿದ್ದನ್ನು ಹೊರಬಂದ ಕಣಜಗಳ ಎಣಿಕೆಯ ಪಕ್ಕದಲ್ಲೇ ಬರೆಯಿರಿ. ಖಾಲಿ ಗೂಡುಗಳನ್ನು ಚೀಟಿಯೊಂದಿಗೆ ಕಾಗದದ ಲಕೋಟೆಯಲ್ಲಿ ಹಾಕಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ತೇವ ಹಿಡಿಯುತ್ತದೆ. ಮುಂದಿನ ಹಂಗಾಮಿನಲ್ಲಿ ಅದೇ ಗಿಡದಲ್ಲಿ ಸಿಗುವ ಗೂಡುಗಳ ಜೊತೆ ಇಟ್ಟು ಹೋಲಿಸಲು ಅವು ಬೇಕಾಗುತ್ತವೆ.